ತಳ್ಳಬೇಡ, ಅದೇ ಬರುತ್ತದೆ

ಒಂದೇ ನಿಷೇಧ ಎರಡು ಕಡೆಯಿಂದ ಬಂದು ತಲೆಯಲ್ಲಿ ಕೂತಿದೆ. ಒಂದು, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್ ಎಂಜಿನ್ನಿನ ಹಳೆಯ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನದು. ಕ್ರ್ಯಾಂಕಿನ ತಿರುಗನ್ನು ವಾಲ್ವ್ ತೆರೆಯುವ ಕ್ಯಾಮಿಗೆ ದಾಟಿಸುವ ಟೈಮಿಂಗ್ ಚೈನಿನ ಟೆನ್ಷನರನ್ನು ಕೂರಿಸಿದ ಮೇಲೆ ಅದರ ತಳದ ತೂತಿಗೆ 1/8 ಇಂಚಿನ ಆಲೆನ್ ಕೀ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತುಸು ತಿರುಗಿಸಬೇಕು. ರಬ್ಬರ್ ತಲೆ ತಾನಾಗಿ ಮುಂದೆ ಬಂದು ಚೈನಿಗೆ ಆನುತ್ತದೆ. ಕೀಯನ್ನು ಎದುರು ದಿಕ್ಕಿಗೆ ತಿರುಗಿಸಕೂಡದು, ಆ ತಲೆಯನ್ನು ಹೊರಗಿನಿಂದ ಒತ್ತಿ ಚೈನಿಗೆ ಅಮುಕಲೂಕೂಡದು. ಯಾಕೆಂದು ಮ್ಯಾನ್ಯುಯಲ್ ಹೇಳುವುದಿಲ್ಲ. ಇನ್ನೊಂದು, ಅಂಬಾಸಿಡರ್ ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಮೇಸ್ತ್ರಿ ತಮ್ಮ ಹುಡುಗನಿಗೆ ಗದರಿದ್ದು: ‘ತಳ್ಬೇಡ ಕಣೋ, ಬಿಟ್ರೆ ಅದೇ ಬರ್ತದೆ.’ ಅವರೂ ಕಾರಣ ಹೇಳಲಿಲ್ಲ. ಕಾರಣ ಹೇಳದೆ ವಿಧಿನಿಷೇಧ ಹೇರುವ ಗ್ರಂಥಗಳನ್ನು ಕಂಡರೆ ನನಗೆ ಎಷ್ಟು ಸಿಟ್ಟೆಂಬುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಧರ್ಮಶಾಸ್ತ್ರವಾದರೇನು, ರಿಪೇರಿ ಶಾಸ್ತ್ರವಾದರೇನು.

ಪುಸ್ತಕವೂ ಮೇಸ್ತ್ರಿಯೂ ಒಂದೇ ಮಾತಾಡುವುದಕ್ಕೆ ಕಾರಣವಿದೆ. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ದಶಕಗಟ್ಟಲೆ ಓಡಿದ್ದು ಬಿ ಸೀರೀಸಿನ 1489 ಸಿಸಿ ಎಂಜಿನ್ನಿನ ಮೇಲೆ. ಮಂತ್ರಿಮಹೋದಯರ ಬಿಳಿ ಕಾರಿನ ಎದೆಯೂ, ಇಂಗ್ಲೆಂಡಿನ ಶೋಕಿಲಾಲರು ಟಾಪು ತೆಗೆದು ಓಡಿಸುತ್ತಿದ್ದ ಎಂಜಿಎ 1500 ಕಾರಿನ ಎದೆಯೂ ಒಂದೇ ವಂಶದವು ಎಂದರೆ ಇಬ್ಬರಿಗೂ ಅವಮಾನವಾದೀತು.

ಕಾರಣ ಸಿಗದಾಗ ಚರಿತ್ರೆಗೆ ಇಳಿಯುವುದು ನನ್ನ ಚಾಳಿ; ಈ ಸಲ ಚೈನಿನ ಚರಿತ್ರೆಗೆ. ಹಿಂದೊಮ್ಮೆ ಇಲ್ಲಿ ಏತ, ಕಪಿಲೆಗಳ ಬಗ್ಗೆ ಬರೆದಿದ್ದಾಗ ಕೆಲವರು ಆಕ್ಷೇಪ ಎತ್ತಿದ್ದರು: ಮಡಕೆಗಳ ಮಾಲೆಯೂ ಒಂದು ಚೈನೇ ಅಲ್ಲವೇ, ಬಾಬರನು ಲಾಹೋರ್, ದೀಪಾಲ್‌ಪುರ, ಸರ್‌ಹಿಂದ್‌ಗಳಲ್ಲಿ ಕಂಡು ಬರೆದಿಟ್ಟ ನೀರೆತ್ತುವ ಚಕ್ರವನ್ನು ಯಾಕೆ ಬಿಟ್ಟಿರಿ ಎಂದು. ಬಿಟ್ಟದ್ದು ಬೇಕೆಂದೇ. ಮಡಕೆ ಮಾಲೆ ನೀರು ಎತ್ತುತ್ತದೆ. ಎತ್ತಿನ ಸುತ್ತಾಟ ಚಕ್ರಕ್ಕೆ ಮುಟ್ಟುವುದು ಹಲ್ಲುಗಾಲಿಗಳ ಮೂಲಕ, ಮಾಲೆಯ ಮೂಲಕವಲ್ಲ. ಒಂದು ಅಚ್ಚಿನ ತಿರುಗನ್ನು ಇನ್ನೊಂದು ಅಚ್ಚಿಗೆ ಎಡೆಬಿಡದೆ ದಾಟಿಸುವ ಸರಪಳಿ ಬೇರೆಯೇ ಜಾತಿ. ಈ ಭೇದವನ್ನು ಒತ್ತಿ ಹೇಳಿದವರು ಚೀನಾದ ವಿಜ್ಞಾನದ ಚರಿತ್ರೆಕಾರ ಜೋಸೆಫ್ ನೀಧಮ್. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬೈಜಾಂಟಿಯಮ್ಮಿನ ಫಿಲೋ, ಅಲೆಕ್ಸಾಂಡ್ರಿಯದ ಡಯೊನೀಸಿಯಸ್ ಕಟ್ಟಿದ ಸರಣಿ ಬಾಣಯಂತ್ರವೊಂದನ್ನು ವರ್ಣಿಸಿದ್ದಾನೆ. ಅದರಲ್ಲಿ ಚಪ್ಪಟೆ ಕೊಂಡಿಗಳ ಸರಪಳಿಯಿದೆ. ಬಾಣಗಳೆಲ್ಲ ಒಂದೇ ಕಡೆ ಹೋಗಿ ಬೀಳುತ್ತವೆ, ಇದರಿಂದ ಏನು ಪ್ರಯೋಜನ ಎಂದು ಫಿಲೋ ಮೂಗು ಮುರಿದದ್ದು ನನಗೆ ಬಲು ಇಷ್ಟ. ಆದರೆ ಅಲ್ಲಿಯ ಸರಪಳಿ ಅತ್ತ ಎಳೆದು ಇತ್ತ ಮರಳುವಂಥದು. ಎಡೆಬಿಡದೆ ತಿರುಗಿದ್ದು ಚೀನಾದ ಕೈಫೆಂಗಿನಲ್ಲಿ, ಸು ಸೊಂಗನ ನೀರಿನ ಗಡಿಯಾರ ಗೋಪುರದೊಳಗೆ. ಅವನ ಗ್ರಂಥ 1092ರದು. ನೀಧಮ್, ವಾಂಗ್ ಲಿಂಗ್, ಡೆರೆಕ್ ಪ್ರೈಸ್ ಸೇರಿ 1960ರಲ್ಲಿ ಇದರ ಮೇಲೆ ಒಂದಿಡೀ ಪುಸ್ತಕ ಬರೆದರು. ಕೆಳಗಿನ ಯಂತ್ರದ ತಿರುಗನ್ನು ಮೇಲಿನ ಖಗೋಳಗೋಳಕ್ಕೆ ಒಯ್ಯಲು ಮೊದಲು ಉದ್ದನೆಯ ನೇರ ದಂಡ; ಅದು ಸರಿಹೋಗದೆ ಸರಪಳಿ; ಬಳಿಕ ಅದಕ್ಕಿಂತ ಮೊಟಕು ಸರಪಳಿ.

ಇಲ್ಲಿ ಯಾರಾದರೂ ಲಿಯೊನಾರ್ಡೊ ಎಂದೇ ಎನ್ನುತ್ತಾರೆ. ಆತ ಚೈನಿನ ಚಿತ್ರ ಬರೆದದ್ದು ಹೌದು, ಚೆಂದವಾಗಿಯೇ ಬರೆದಿದ್ದಾನೆ. ಆ ಪುಟಗಳಲ್ಲಿ ಕೆಲವಿರುವ ಹಸ್ತಪ್ರತಿ ಮ್ಯಾಡ್ರಿಡ್ ಗ್ರಂಥಾಲಯದಲ್ಲಿ ಹೂತುಹೋಗಿ 1960ರ ದಶಕದಲ್ಲಿ ಪತ್ತೆಯಾಯಿತು. ಯಾರೂ ನೋಡದ ಚಿತ್ರದಿಂದ ಯಾವ ಕಮ್ಮಾರನೂ ಕಲಿಯಲಾರ. ಕಾಗದದ ಮೇಲಿನ ಬುದ್ಧಿಗೆ ಹಾರ ಹಾಕಿ, ಕಬ್ಬಿಣಕ್ಕೆ ಕೈ ಹಚ್ಚಿದವರನ್ನು ಹಿಂದಿನ ಸಾಲಿಗೆ ಕಳಿಸುವ ಈ ಸಂಪ್ರದಾಯ ಯಾವಾಗ ತೊಲಗುತ್ತದೋ.

ಕೈ ಹಚ್ಚಿದವರಲ್ಲಿ ದೊಡ್ಡವನು ಹಾನ್ಸ್ ರೆನಾಲ್ಡ್. ಸ್ವಿಟ್ಜರ್ಲೆಂಡಿನ ಆರಾವ್‌ನವನು; 1879ರಲ್ಲಿ ಸಾಲ್ಫರ್ಡಿನ ಜೇಮ್ಸ್ ಸ್ಲೇಟರನ ಪುಟ್ಟ ಚೈನ್ ಕಾರ್ಖಾನೆ ಕೊಂಡ. ಸುತ್ತ ಲಂಕಾಶೈರಿನ ಗಿರಣಿಗಳು, ಅವುಗಳ ಯಂತ್ರಗಳಲ್ಲಿ ಬೇಗ ಸವೆಯುವ ಚೈನುಗಳು. ಅಲ್ಲಿಯವರೆಗೆ ತೆಳು ಪಟ್ಟಿಗಳು ನೇರ ಪಿನ್ನಿನ ಮೇಲೆ ಉಜ್ಜುತ್ತಿದ್ದವು. ರೆನಾಲ್ಡ್ 1880ರಲ್ಲಿ ನಡುವೆ ಬುಷ್ ಹಾಕಿ ಭಾರವನ್ನು ಪಿನ್ನಿನ ಉದ್ದಕ್ಕೂ ಹಂಚಿದ. ಇವತ್ತಿನ ಸೈಕಲ್ಲಿನಿಂದ ಹಿಡಿದು ಬಿ ಸೀರೀಸ್ ಎಂಜಿನ್ನಿನ ಜೋಡಿಸಾಲಿನ ಚೈನಿನವರೆಗೆ ಎಲ್ಲ ಅದರ ಸಂತಾನ.

ಇಷ್ಟು ದೂರ ಬಂದ ಮೇಲೆ ಹೊಳೆಯಿತು: ನಾನು ಕೊಂಡಿಗಳ ಚರಿತ್ರೆ ಬರೆಯುತ್ತ ಕೂತಿದ್ದೇನೆ, ಮೇಸ್ತ್ರಿ ಮಾತಾಡಿದ್ದು ಸಡಿಲದ ಬಗ್ಗೆ. ಸು ಸೊಂಗನ ಸರಪಳಿ ಮೊಟಕಾಗಿದ್ದೂ ಅದಕ್ಕೇ ಇರಬೇಕು. ಉದ್ದ ಕಡಿಮೆಯಾದಷ್ಟೂ ಜೋಲು ಕಡಿಮೆ. ಬುಷ್ ಬಂದು ಸವೆತ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಚೈನಿನ ಉಕ್ಕೇನೂ ಹಿಗ್ಗುವುದಿಲ್ಲ. ಐವತ್ತರ ಆಸುಪಾಸಿನ ಕೀಲುಗಳಲ್ಲಿ ಒಂದೊಂದೂ ಕೂದಲೆಳೆಯ ಭಾಗದಷ್ಟು ಸವೆದು, ಒಟ್ಟು ಉದ್ದ ಏರುತ್ತದೆ. ಸೈಕಲ್ಲಾದರೆ ಹಿಂದಿನ ಚಕ್ರ ಎಳೆದು ನಟ್ಟು ಬಿಗಿದರೆ ಮುಗಿಯಿತು. ಎಂಜಿನ್ನಿನಲ್ಲಿ ಕ್ರ್ಯಾಂಕೂ ಕ್ಯಾಮೂ ಒಂದೇ ಎರಕದ ಬ್ಲಾಕಿನಲ್ಲಿ ಕೊರೆದ ತೂತುಗಳಲ್ಲಿ ಕೂತಿವೆ, ಎಳೆಯುವುದು ಯಾವುದನ್ನು? ಹಾಗಾಗಿ ಮೂರನೆಯವನೊಬ್ಬ ಬೇಕು, ಅವನೇ ಟೆನ್ಷನರ್. ಈ ಎಂಜಿನ್ನಿಗೆ ಅವನನ್ನು ಮಾಡಿಕೊಟ್ಟದ್ದೂ ರೆನಾಲ್ಡ್ ಕಂಪನಿಯೇ.

ಸಡಿಲವನ್ನು ಪೂರ್ತಿ ತೆಗೆಯುವುದೇ ಅವನ ಕೆಲಸ ಎಂದುಕೊಂಡಿದ್ದರೆ, ಕೈಯಿಂದ ಒತ್ತುವುದರಲ್ಲಿ ತಪ್ಪೇನೂ ಕಾಣದು. ಆದರೆ ಒಳಗೆ ಇರುವುದನ್ನು ನೋಡಿ. ಪೊಳ್ಳು ಪ್ಲಂಜರ್, ಅದರೊಳಗೆ ಸ್ಪ್ರಿಂಗು, ಸ್ಪ್ರಿಂಗಿನ ಸುತ್ತ ಒಂದು ಸಿಲಿಂಡರ್. ಸಿಲಿಂಡರಿನ ಮೈಮೇಲೆ ತಿರುಪಿನಂಥ ಓರೆ ತೋಡು, ಅದರ ಒಂದು ಅಂಚಿಗೆ ಕಚ್ಚುಗಳು. ಪ್ಲಂಜರಿನ ಪಿನ್ನು ಮುಂದೆ ಸರಿದಂತೆ ಒಂದೊಂದೇ ಕಚ್ಚು ದಾಟುತ್ತದೆ. ದಾಟಿದ ಕಚ್ಚಿಗಿಂತ ಹಿಂದೆ ಹೋಗುವಂತಿಲ್ಲ. ಎರಡು ಕಚ್ಚುಗಳ ನಡುವಿನ ಅಷ್ಟೇ ಅಷ್ಟು ಜಾಗದಲ್ಲಿ ಮಾತ್ರ ಅದು ಹಿಂದೆ ಮುಂದೆ ಉಸಿರಾಡಬಹುದು. ಆ ಉಸಿರೇ ಬೇಕಾದದ್ದು. ಕ್ಯಾಮಿನ ಮೂಗು ವಾಲ್ವ್ ತೆರೆಯುವಾಗ ವಾಲ್ವಿನ ಸ್ಪ್ರಿಂಗಿಗೆ ಎದುರಾಗಿ ದುಡಿಯುತ್ತದೆ, ಮೂಗು ದಾಟಿತೋ, ಅದೇ ಸ್ಪ್ರಿಂಗು ಕ್ಯಾಮನ್ನು ಮುಂದಕ್ಕೆ ನೂಕುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಕ್ಯಾಮ್ ಸೆಕೆಂಡಿಗೆ 25 ಸುತ್ತು. ಸುತ್ತಿಗೆ ಹಲವು ಬಾರಿ ಚೈನು ಬಿಗಿದು ಸಡಿಲುತ್ತದೆ. ಆ ಅದುರನ್ನು ನುಂಗಲು ತುಸು ಜಾಗವೂ, ಬ್ಲಾಕಿನಿಂದ ಒತ್ತಡದಲ್ಲಿ ಬರುವ ಆಯಿಲಿನ ಮೆತ್ತೆಯೂ ಬೇಕು. ಕೈಯಿಂದ ಅಮುಕಿದಿರೋ, ಪಿನ್ನು ಬೇಡದ ಕಚ್ಚು ದಾಟಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚೈನು ತಂತಿಯಂತೆ ಬಿಗಿದು ರಬ್ಬರನ್ನು ತಿನ್ನುತ್ತದೆ. ಪ್ರಶ್ನೆ ಇದ್ದದ್ದು ಎಷ್ಟು ಬಿಗಿಯಬೇಕೆಂದಲ್ಲ, ಎಷ್ಟು ಸಡಿಲ ಉಳಿಸಬೇಕೆಂದು. ಆ ಲೆಕ್ಕ ಕಚ್ಚುಗಳಲ್ಲೇ ಬರೆದಿದೆ.

ಕೆಲಸದ ಉಳಿದ ಭಾಗ ಸುಲಭ. ಎರಡು ಸ್ಪ್ರಾಕೆಟ್ಟಿನ ಗುರುತುಗಳನ್ನು ಎದುರುಬದುರು ತಂದು ಚೈನನ್ನು ಅವುಗಳೊಂದಿಗೇ ಕೂರಿಸಬೇಕು. ಆಯಿಲ್ ಬರುವ ತೂತು, ರಬ್ಬರ್ ತಲೆಯಲ್ಲಿ ಆಯಿಲ್ ಹೊರಬೀಳುವ ತೂತು ಎರಡನ್ನೂ ಗಾಳಿ ಊದಿ ನೋಡಬೇಕು. ಟೆನ್ಷನರಿನ ಬಾಡಿಯ ಬಾಯಿ 0.003 ಇಂಚಿಗಿಂತ ಹೆಚ್ಚು ಅಂಡಾಕಾರವಾಗಿದ್ದರೆ ಇಡೀ ಟೆನ್ಷನರನ್ನೇ ಬದಲಿಸಬೇಕು. ಹೊಸ ಚೈನಿಗೆ ದುಡ್ಡು ಸುರಿದು, ಕಲ್ಲಾದ ಹಳೆಯ ರಬ್ಬರನ್ನೇ ಒರೆಸಿ ಕೂರಿಸುವ ಜಾಣರಿದ್ದಾರೆ. ಅವರಿಗೆ ಹೇಳಿ ಪ್ರಯೋಜನವಿಲ್ಲ. ಕೀ ತಿರುಗಿಸಿ ಬಿಟ್ಟಾದ ಮೇಲೆ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿದರೆ ಗುರುತುಗಳು ಮತ್ತೆ ಎದುರಾಗಬೇಕು. ಆಮೇಲೆ ತಳದ ಪ್ಲಗ್ಗು, ಲಾಕ್ ವಾಷರು, ಪ್ಯಾಕಿಂಗು, ಮುಂದಿನ ಕವರು. ಕವರಿನ ಬೋಲ್ಟುಗಳನ್ನು ಪೂರ್ತಿ ಬಿಗಿಯುವ ಮೊದಲೇ ಪುಲ್ಲಿಯನ್ನು ತೂರಿಸಿ ಸೀಲನ್ನು ಮಧ್ಯಕ್ಕೆ ತಂದುಕೊಳ್ಳಬೇಕು, ಇಲ್ಲವಾದರೆ ಆಯಿಲ್ ಸೋರುತ್ತದೆ. ಈ ಮಾತಿಗೆ ಮಾತ್ರ ಮ್ಯಾನ್ಯುಯಲ್ಲಿನವರು ಕಾರಣ ಕೊಟ್ಟಿದ್ದಾರೆ.