ಹೊಸ ನಿಯಮದ ಪರೀಕ್ಷೆ ಜನರ ಕಣ್ಣೆದುರೇ ನಡೆಯಬೇಕು

ಫಾರ್ಮುಲಾ ಒನ್‌ನ 2026ರ ಋತುವಿಗೆ ಮೊದಲ ಪರೀಕ್ಷಾ ಓಟ ಜನವರಿ 26ರಿಂದ 30ರವರೆಗೆ ಬಾರ್ಸಿಲೋನಾದ ಟ್ರ್ಯಾಕ್‌ನಲ್ಲಿ ನಡೆಯಿತು. ಐದು ದಿನಗಳಲ್ಲಿ ಪ್ರತಿ ತಂಡಕ್ಕೆ ಮೂರು ದಿನ ಕಾರು ಓಡಿಸುವ ಅವಕಾಶವಿತ್ತು. ಪ್ರೇಕ್ಷಕರನ್ನು ಒಳಗೆ ಬಿಡಲಿಲ್ಲ, ಪತ್ರಕರ್ತರನ್ನೂ ಬಿಡಲಿಲ್ಲ, ನೇರ ಪ್ರಸಾರವೂ ಇರಲಿಲ್ಲ. ಎಂಜಿನ್, ಕಾರಿನ ಅಳತೆ, ರೆಕ್ಕೆ, ಇಂಧನ ಎಲ್ಲವೂ ಒಟ್ಟಿಗೆ ಬದಲಾದ ವರ್ಷದಲ್ಲಿ ಅಭಿಮಾನಿಗಳ ಪಾಲಿಗೆ ಬಂದದ್ದು ತಂಡಗಳು ಆಯ್ದು ಬಿಟ್ಟ ಚಿತ್ರಗಳು ಮತ್ತು ಹೇಗೋ ಸೋರಿ ಬಂದ ಲ್ಯಾಪ್ ಸಮಯಗಳು ಮಾತ್ರ. ಈ ನಿರ್ಧಾರ ತಪ್ಪು. ಮುಂದೆ ಅದು ರೂಢಿಯಾಗಲು ಬಿಡಬಾರದು.

ಸಾಮಾನ್ಯ ವರ್ಷದ ಪರೀಕ್ಷೆಗೂ ನಿಯಮ ಬದಲಾದ ವರ್ಷದ ಪರೀಕ್ಷೆಗೂ ಮೂಲದಲ್ಲೇ ವ್ಯತ್ಯಾಸವಿದೆ. ಸಾಮಾನ್ಯ ವರ್ಷದಲ್ಲಿ ಪರೀಕ್ಷೆಗೆ ಒಳಗಾಗುವುದು ಆಯಾ ತಂಡದ ಕಾರು; ಅದರ ಗುಟ್ಟು ತಂಡದ ಸ್ವತ್ತು. ನಿಯಮ ಬದಲಾದ ವರ್ಷದಲ್ಲಿ ಪರೀಕ್ಷೆಗೆ ಒಳಗಾಗುವುದು ಸ್ವತಃ ನಿಯಮ. ಅದನ್ನು ಬರೆದದ್ದು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ. ಅದರ ಫಲವನ್ನು ಐದಾರು ವರ್ಷ ನೋಡಬೇಕಾದವರು ಪ್ರೇಕ್ಷಕರು. ಹೀಗಿದ್ದೂ ಬಾಗಿಲು ಹಾಕಿದ್ದು ಇಂಥ ವರ್ಷಗಳಲ್ಲೇ. ತಳದ ಗಾಳಿಯ ಸೆಳೆತವನ್ನು ನೆಚ್ಚಿದ ಕಾರುಗಳು ಮರಳಿ ಬಂದ 2022ರಲ್ಲಿ ಬಾರ್ಸಿಲೋನಾ ಓಟಕ್ಕೆ ನೇರ ಪ್ರಸಾರ ಇರಲಿಲ್ಲ. ಅಧಿಕೃತ ಪರೀಕ್ಷೆ ಎಂಬ ಹೆಸರು ಬಹರೈನ್‌ಗೆ ಮೀಸಲಾಯಿತು. 2026ರಲ್ಲಿ ಪತ್ರಕರ್ತರೂ ಹೊರಗುಳಿದರು.

2026ರ ಬದಲಾವಣೆಯ ಗಾತ್ರ ಸಣ್ಣದಲ್ಲ. 1.6 ಲೀಟರ್ ವಿ6 ಟರ್ಬೊ ಎಂಜಿನ್ ಉಳಿದಿದೆ, ಆದರೆ ಅದರ ಶಕ್ತಿ ಸುಮಾರು 400 ಕಿಲೋವ್ಯಾಟ್‌ಗೆ ಇಳಿದಿದೆ. ವಿದ್ಯುತ್ ಮೋಟಾರಿನ ಪಾಲು 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ನಿಷ್ಕಾಸ ಗಾಳಿಯ ಶಾಖದಿಂದ ವಿದ್ಯುತ್ ಪಡೆಯುತ್ತಿದ್ದ ಯಂತ್ರವನ್ನು ತೆಗೆದುಹಾಕಲಾಗಿದೆ. ಇಂಧನ ಪಳೆಯುಳಿಕೆ ಮೂಲದ್ದಲ್ಲ. ಹಿಂಬದಿಯ ರೆಕ್ಕೆಯನ್ನಷ್ಟೇ ತೆರೆಯುತ್ತಿದ್ದ ಡಿಆರ್‌ಎಸ್ ಹೋಗಿ, ಈಗ ಮುಂಬದಿಯ, ಹಿಂಬದಿಯ ಎರಡೂ ರೆಕ್ಕೆಗಳು ಓಡುವಾಗಲೇ ಕೋನ ಬದಲಿಸುತ್ತವೆ. ಕನಿಷ್ಠ ತೂಕ 768 ಕಿಲೋ.

ಇವುಗಳಲ್ಲಿ ಅಭಿಮಾನಿಗಳ ನಡುವೆ ಅತಿ ಹೆಚ್ಚು ಜಗಳ ಎಬ್ಬಿಸಿದ್ದು ವಿದ್ಯುತ್ತಿನ ಲೆಕ್ಕ, ಮತ್ತು ಆ ಜಗಳ ನ್ಯಾಯವಾದದ್ದು. ಬ್ಯಾಟರಿ ಒಂದು ಸುತ್ತಿನಲ್ಲೇ ಹಲವು ಸಲ ಬರಿದಾಗಿ ತುಂಬಬೇಕು. ಬ್ರೇಕ್ ಹಾಕುವಾಗ ಸಿಗುವ ಶಕ್ತಿ ಎಲ್ಲ ಟ್ರ್ಯಾಕ್‌ಗಳಲ್ಲೂ ಸಾಲುವುದಿಲ್ಲ. ಆಗ ಚಾಲಕ ತಿರುವಿಗೆ ಬಹಳ ಮುಂಚೆಯೇ ಆಕ್ಸಿಲರೇಟರ್ ಬಿಡಬೇಕು. ಇಲ್ಲವೇ ಅದನ್ನು ಪೂರ್ತಿ ಒತ್ತಿರುವಾಗಲೇ ಎಂಜಿನ್ನಿನ ಒಂದು ಪಾಲು ಬ್ಯಾಟರಿ ತುಂಬಲು ಹೋಗುತ್ತದೆ, ನೇರ ದಾರಿಯಲ್ಲೇ ವೇಗ ಕುಸಿಯುತ್ತದೆ. ಮೇಲಾಗಿ ಗಂಟೆಗೆ 290 ಕಿ.ಮೀ. ದಾಟಿದ ಮೇಲೆ ಮೋಟಾರಿನ ಬಲವನ್ನು ನಿಯಮವೇ ಹಂತಹಂತವಾಗಿ ಇಳಿಸುತ್ತದೆ. ಜಗತ್ತಿನ ಅತಿ ವೇಗದ ಚಾಲಕರು ವೇಗ ಉಳಿಸುವುದಕ್ಕಿಂತ ಚಾರ್ಜ್ ಉಳಿಸುವುದರಲ್ಲಿ ತೊಡಗಬೇಕೇ ಎಂಬುದು ಕ್ರೀಡೆಯ ಆತ್ಮಕ್ಕೆ ಸಂಬಂಧಿಸಿದ ಪ್ರಶ್ನೆ. ಅದರ ಉತ್ತರ ಪ್ರಕಟಣೆಗಳಲ್ಲಿ ಸಿಗುವುದಿಲ್ಲ. ಕಾರಿನೊಳಗಿನ ಕ್ಯಾಮೆರಾ, ಎಂಜಿನ್ನಿನ ಸದ್ದು, ಪ್ರತಿ ವಿಭಾಗದ ಸಮಯ ಇವಿಷ್ಟು ದೊರೆತರೆ ಸಾಮಾನ್ಯ ಪ್ರೇಕ್ಷಕನೂ ಅದನ್ನು ತಾನೇ ಕಂಡುಕೊಳ್ಳಬಲ್ಲ.

ತೆರೆದ ಪರೀಕ್ಷೆಯಿಂದ ಏನು ಲಾಭ ಎಂಬುದು ಫೆಬ್ರುವರಿಯ ಬಹರೈನ್ ಓಟಗಳಲ್ಲೇ ಕಂಡಿತು. ಶಾಖದ ಯಂತ್ರ ಹೋದದ್ದರಿಂದ ಟರ್ಬೊ ತಿರುಗಿ ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಸ್ಪರ್ಧೆ ಆರಂಭವಾಗುವ ಮುನ್ನ ಚಾಲಕರು ನಿಂತಲ್ಲೇ ಹಲವು ಸೆಕೆಂಡು ಎಂಜಿನ್ ಜೋರಾಗಿ ಓಡಿಸಬೇಕು. ಸಾಲಿನ ಹಿಂಭಾಗದಲ್ಲಿ ಬಂದು ನಿಲ್ಲುವ ಕಾರುಗಳಿಗೆ ಅಷ್ಟು ಸಮಯ ಸಿಗದಿದ್ದರೆ, ಮುಂದೆ ಹೊರಡಲಾಗದೆ ನಿಂತ ಕಾರಿಗೆ ಹಿಂದಿನದು ಬಂದು ಗುದ್ದುವ ಅಪಾಯವಿದೆ. ಮೆಕ್ಲಾರೆನ್ ಮುಖ್ಯಸ್ಥ ಆಂಡ್ರಿಯಾ ಸ್ಟೆಲ್ಲಾ ಇದನ್ನು ಸುರಕ್ಷತೆಯ ವಿಷಯವೆಂದು ಬಹಿರಂಗವಾಗಿಯೇ ಹೇಳಿದರು. ಎರಡನೇ ಬಹರೈನ್ ಪರೀಕ್ಷೆಯಲ್ಲಿ ಕೆಂಪು ದೀಪಗಳಿಗೆ ಮುನ್ನ ಎಚ್ಚರಿಕೆಯ ಅವಧಿ ಕೊಡುವ ಪ್ರಯೋಗ ನಡೆಯಿತು. ಎಲ್ಲರೂ ನೋಡುತ್ತಿರುವಾಗ ದೋಷವನ್ನು ಮುಂದೂಡುವುದು ಕಷ್ಟ.

ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ 2022 ಸಾಕ್ಷಿ. ಬಾರ್ಸಿಲೋನಾದ ನೇರ ದಾರಿಯಲ್ಲಿ ಕಾರುಗಳು ಮೇಲೆ ಕೆಳಗೆ ಕುಪ್ಪಳಿಸುತ್ತಿದ್ದುದು ಮೊದಲ ಪರೀಕ್ಷೆಯಲ್ಲೇ ತಿಳಿದಿತ್ತು. ತಳದ ಸೆಳೆತ ನೆಲಕ್ಕೆ ತೀರ ಹತ್ತಿರವಾದಾಗ ಕಡಿದು, ಕಾರು ಮೇಲೆದ್ದೊಡನೆ ಮರಳಿ ಹಿಡಿಯುವುದರಿಂದ ಆಗುವ ಈ ಕುಣಿತ 1970ರ ದಶಕದ ಕೊನೆಯ ಕಾರುಗಳಿಗೂ ಗೊತ್ತಿದ್ದದ್ದೇ. ಆದರೂ ಅದನ್ನು ತಂಡಗಳ ತಾಂತ್ರಿಕ ತೊಡಕೆಂದು ಬಿಟ್ಟುಬಿಡಲಾಯಿತು. ಜೂನ್‌ನಲ್ಲಿ ಬಾಕು ಸ್ಪರ್ಧೆ ಮುಗಿದಾಗ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿನಿಂದ ಇಳಿಯಲು ಪರದಾಡಿದರು. ಕುಪ್ಪಳಿಕೆಗೆ ಅಳತೆಯ ಮಿತಿ ಜಾರಿಯಾದದ್ದು ಆಗಸ್ಟ್‌ನ ಬೆಲ್ಜಿಯಂ ಸ್ಪರ್ಧೆಯಿಂದ. ತಳದ ಅಂಚನ್ನು 15 ಮಿಲಿಮೀಟರ್ ಎತ್ತರಿಸಿದ್ದು 2023ಕ್ಕೆ. ಚಾಲಕರ ಬೆನ್ನುಮೂಳೆಯ ಪ್ರಶ್ನೆಗೆ ಅರ್ಧ ಋತು ಕಾಯಬೇಕಾಗಿ ಬಂದದ್ದು ಕ್ಷಮಿಸುವ ಸಂಗತಿಯಲ್ಲ.

ಬಾಗಿಲು ಹಾಕುವುದರ ಹಿಂದಿರುವುದು ಮುಖ್ಯವಾಗಿ 2014ರ ನೆನಪು. ಟರ್ಬೊ ಹೈಬ್ರಿಡ್ ಎಂಜಿನ್ ಬಂದ ಆ ವರ್ಷ ಸ್ಪೇನಿನ ಹೆರೆಸ್‌ನಲ್ಲಿ ನಡೆದ ನಾಲ್ಕು ದಿನಗಳ ಪರೀಕ್ಷೆಯಲ್ಲಿ, ಸತತ ನಾಲ್ಕು ಬಾರಿ ಪ್ರಶಸ್ತಿ ಗೆದ್ದು ಬಂದಿದ್ದ ರೆಡ್ ಬುಲ್ ಓಡಿದ್ದು 21 ಸುತ್ತು, ಮರ್ಸಿಡಿಸ್ 309. ಅಂಥ ಮುಜುಗರ ಮತ್ತೆ ಬೇಡ ಎಂಬುದು ತಂಡಗಳ ಮತ್ತು ಎಂಜಿನ್ ಕಂಪನಿಗಳ ಆಸೆ. ಆದರೆ ಹೆರೆಸ್‌ನ ಲೆಕ್ಕ ಸುಳ್ಳು ಹೇಳಿರಲಿಲ್ಲ. ಮರ್ಸಿಡಿಸ್ ಆ ವರ್ಷ 19ರಲ್ಲಿ 16 ಸ್ಪರ್ಧೆ ಗೆದ್ದಿತು. 2026ರಲ್ಲೂ ಕಾರು ಸಿದ್ಧವಾಗದೆ ವಿಲಿಯಮ್ಸ್ ಬಾರ್ಸಿಲೋನಾಕ್ಕೆ ಬರಲಾಗದ ಸಂಗತಿಯನ್ನು ಯಾವ ಗೇಟೂ ಮುಚ್ಚಿಡಲಿಲ್ಲ.

ಅಭಿಮಾನಿಗಳು ಲ್ಯಾಪ್ ಸಮಯ ನೋಡಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ ಎಂಬುದು ಇನ್ನೊಂದು ವಾದ. 2019ರ ಪರೀಕ್ಷೆಯ ಬಳಿಕ ಫೆರಾರಿಯೇ ಮುಂದಿದೆ ಎಂದು ಬಹುತೇಕರು ನಂಬಿದ್ದರು. ಮೊದಲ ಐದು ಸ್ಪರ್ಧೆಗಳಲ್ಲಿ ಮೊದಲೆರಡು ಸ್ಥಾನ ಮರ್ಸಿಡಿಸ್ ಪಾಲಾಯಿತು. ಆದರೆ ಆ ಪರೀಕ್ಷೆಯ ಕೊನೆಯ ದಿನ ಫೆರಾರಿಯ ವೆಟ್ಟೆಲ್ ಮತ್ತು ಮರ್ಸಿಡಿಸ್‌ನ ಹ್ಯಾಮಿಲ್ಟನ್ ನಡುವೆ ಇದ್ದ ಅಂತರ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. ಅಂಕಿ ಎಚ್ಚರಿಸಿತ್ತು, ಶೀರ್ಷಿಕೆಗಳು ಕಿವಿಗೊಡಲಿಲ್ಲ. 2009ರಲ್ಲಿ ಬ್ರಾನ್ ತಂಡದ ಕಾರು ಮಾರ್ಚ್‌ನಲ್ಲಿ ತಡವಾಗಿ ಬಂದು ಎಲ್ಲರಿಗಿಂತ ವೇಗವಾಗಿ ಓಡಿದಾಗ, ಪ್ರಾಯೋಜಕರಿಗಾಗಿ ಕಡಿಮೆ ಇಂಧನ ಹಾಕಿ ಓಡಿಸಿದ್ದಾರೆ ಎಂಬ ಗುಮಾನಿ ಎದ್ದಿತು. ಆದರೆ ಆ ತಂಡದ ಜೆನ್ಸನ್ ಬಟನ್ ಮೊದಲ ಏಳು ಸ್ಪರ್ಧೆಗಳಲ್ಲಿ ಆರನ್ನು ಗೆದ್ದರು. ಹತ್ತು ಕಿಲೋ ಇಂಧನ ಬಾರ್ಸಿಲೋನಾದಂಥ ಟ್ರ್ಯಾಕ್‌ನಲ್ಲಿ ಸುತ್ತಿಗೆ ಸುಮಾರು 0.3 ಸೆಕೆಂಡ್ ತಿನ್ನುತ್ತದೆ. ಟೈರಿನ ಮೆದುತನ, ಸಂಜೆಯ ತಂಪು ಇನ್ನಷ್ಟು ಬದಲಿಸುತ್ತವೆ. ಇವನ್ನೆಲ್ಲ ತೂಗಿ ನೋಡುವ ಕಸುಬು ಅಭಿಮಾನಿಗಳಿಗೆ ಬಂದಿದೆ. ತಪ್ಪು ಓದಿಗೆ ಮದ್ದು ಹೆಚ್ಚಿನ ಮಾಹಿತಿಯೇ.

ಗುಟ್ಟಿನ ವಾದವಂತೂ ನಿಲ್ಲುವುದೇ ಇಲ್ಲ. 2020ರ ಫೆಬ್ರುವರಿಯಲ್ಲಿ ಹ್ಯಾಮಿಲ್ಟನ್ ನೇರ ದಾರಿಯಲ್ಲಿ ಸ್ಟಿಯರಿಂಗನ್ನು ಎದೆಯ ಕಡೆಗೆ ಎಳೆದು ಮುಂಗಾಲಿಗಳ ಕೋನ ಬದಲಿಸುವುದನ್ನು ಕ್ಯಾಮೆರಾ ತೋರಿಸಿತು. ಅಭಿಮಾನಿಗಳ ಪಾಲಿಗೆ ಆ ವರ್ಷದ ಅತ್ಯಂತ ರೋಚಕ ತಾಂತ್ರಿಕ ಚರ್ಚೆ ಅಲ್ಲಿಂದ ಹುಟ್ಟಿತು. ಎದುರಾಳಿಗಳೆಲ್ಲ ನೋಡಿದರೂ ಮರ್ಸಿಡಿಸ್ ಪ್ರಶಸ್ತಿ ಕಳೆದುಕೊಳ್ಳಲಿಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಫೋರ್ಸ್ ಇಂಡಿಯಾ 2015ರಲ್ಲಿ ಹೆರೆಸ್‌ಗೆ ಹೋಗಲೇ ಇಲ್ಲ, ಹೊಸ ಕಾರನ್ನು ಕೊನೆಯ ಪರೀಕ್ಷೆಯಲ್ಲಷ್ಟೇ ಇಳಿಸಿತು. ಹಣದ ಕೊರತೆಯ ಆ ಹಿನ್ನಡೆ ಎಲ್ಲರಿಗೂ ಕಂಡಿತು, ಆದರೂ ತಂಡ ಐದನೇ ಸ್ಥಾನಕ್ಕೇರಿತು. ಸ್ಪೇನಿಗೆ ಹೋಗಲಾಗದ ಬೆಂಗಳೂರು, ಮೈಸೂರಿನ ಅಭಿಮಾನಿಗೆ ಪರದೆಯೇ ಮೈದಾನ. ಪ್ರಸಾರ ನಿಲ್ಲಿಸಿದರೆ ಅವನಿಗೆ ಉಳಿಯುವುದು ವದಂತಿ.

ಬೇಕಿರುವುದು ದೊಡ್ಡ ಸುಧಾರಣೆಯೇನಲ್ಲ. ನಿಯಮ ಬದಲಾದ ವರ್ಷದ ಎಲ್ಲ ಪರೀಕ್ಷಾ ದಿನಗಳಿಗೂ ನೇರ ಪ್ರಸಾರ ಮತ್ತು ಅಧಿಕೃತ ಸಮಯ ಇರಬೇಕು, ಯಾವ ಟೈರ್ ಎಂಬುದು ಪ್ರತಿ ಸುತ್ತಿಗೂ ಕಾಣಬೇಕು, ಪತ್ರಕರ್ತರಿಗೆ ಪಿಟ್‌ನಲ್ಲಿ ಪ್ರವೇಶ ಸಿಗಬೇಕು. ಇಂಧನದ ಪ್ರಮಾಣ ಮತ್ತು ಸಾಫ್ಟ್‌ವೇರ್ ತಂಡಗಳ ಬಳಿಯೇ ಇರಲಿ. ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯಂ ವಿ8 ಎಂಜಿನ್ ಮರಳಿ ತರುವ ಮಾತನ್ನು ಈಗಾಗಲೇ ಆಡಿದ್ದಾರೆ. ಆ ನಿಯಮದ ಕರಡು ಬರೆಯುವಾಗಲೇ ಮೊದಲ ಪರೀಕ್ಷೆಯ ಈ ಷರತ್ತುಗಳನ್ನೂ ಅದರಲ್ಲಿ ಸೇರಿಸಬೇಕು.