ಮಣ್ಣು ನಿಮ್ಮದು, ನೀರು ಯಾರದ್ದು?

ಸ್ವಂತ ಸೈಟನ್ನು ಎಷ್ಟು ಎತ್ತರಿಸಬೇಕು, ನೀರನ್ನು ಎತ್ತ ಹರಿಸಬೇಕು ಎಂಬುದರಲ್ಲಿ ಪಾಲಿಕೆ ತಲೆಹಾಕಬಾರದು ಎಂದಿದ್ದಾರೆ ಲೇಖಕರೊಬ್ಬರು. ಅನುಮತಿಗಾಗಿ ಕಚೇರಿ ಅಲೆದಾಟದ ಬಗ್ಗೆ ಅವರ ಸಿಟ್ಟು ನ್ಯಾಯವೇ. ತೀರ್ಮಾನ ಮಾತ್ರ ತಪ್ಪು.

ಲೆಕ್ಕ ನೋಡಿ. ಬೆಂಗಳೂರಿನ 30x40 ಅಡಿ ಸೈಟಿನ ಮೇಲೆ 50 ಮಿ.ಮೀ. ಮಳೆ ಸುರಿದರೆ ಸುಮಾರು 5,500 ಲೀಟರ್ ನೀರು. ನೀವು ಎರಡಡಿ ಮಣ್ಣು ತುಂಬಿಸಿದರೆ ಆ ನೀರು ಪಕ್ಕದವರ ಅಡುಗೆಮನೆಗೆ ಇಳಿಯುತ್ತದೆ. ಅವರೂ ತುಂಬಿಸಿದರೆ ಬೀದಿಯೇ ಕಾಲುವೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ಐಷಾರಾಮಿ ಮನೆಗಳವರೂ ಟ್ರ್ಯಾಕ್ಟರ್ ಹತ್ತಿ ಹೊರಬರಬೇಕಾಯಿತು. ತಗ್ಗು ತುಂಬಿ, ರಾಜಕಾಲುವೆ ಒತ್ತುವರಿ ಮಾಡಿದ ಊರು ತೆತ್ತ ದಂಡ ಅದು.

ನೀರಿಗೆ ಖಾತೆ ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಅನುಮತಿ ಸರಳವಾಗಲಿ, ಲಂಚ ನಿಲ್ಲಲಿ. ನಿಯಮ ಮಾತ್ರ ಇರಲೇಬೇಕು.