ಅಂಬಾಸಡರಿನ ಉಸಿರು

ಮೋಟಾರು ಗಾಡಿ ಪೆಟ್ರೋಲಿನಿಂದ ಓಡುತ್ತದೆಂಬುದು ಮನೆಯ ಮಕ್ಕಳೂ ಬಲ್ಲ ಸಂಗತಿ. ಅದು ಪೆಟ್ರೋಲಿಗಿಂತ ಹೆಚ್ಚಾಗಿ ಗಾಳಿಯನ್ನು ನುಂಗಿ ಬದುಕುತ್ತದೆಂದರೆ ಮಾತ್ರ ಹಿರಿಯರೂ ಒಮ್ಮೆ ಹುಬ್ಬೇರಿಸುತ್ತಾರೆ. ಒಂದು ಲೀಟರು ಪೆಟ್ರೋಲು ಚೆನ್ನಾಗಿ ಉರಿಯಬೇಕಾದರೆ ಸುಮಾರು 9,000 ಲೀಟರು ಗಾಳಿ ಬೇಕು. ಊದುಗೊಳವೆ ಹಿಡಿದು ಒಲೆಯ ಮುಂದೆ ಕುಳಿತಿದ್ದ ಅಜ್ಜಿಯರಿಗೆ ಇದೇನೂ ಹೊಸ ಪಾಠವಲ್ಲ. ಸೌದೆ ಎಷ್ಟಿದ್ದರೇನು, ಗಾಳಿಯಾಡದ ಒಲೆಯಲ್ಲಿ ಹೊಗೆಯೇ ಹೊರತು ಉರಿಯಿಲ್ಲ.

ಈ ಗಾಳಿ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಹನಿಗಳೊಡನೆ ಬೆರೆತು ಸಿಲಿಂಡರುಗಳ ಬಾಗಿಲಿಗೆ ಹೋಗುವ ಕವಲುಗೊಳವೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎಂದು ಹೆಸರು. ಬಾನೆಟ್ಟು ತೆರೆದವರ ಕಣ್ಣಿಗೆ ಅದು ಬೀಳುವುದೇ ಅಪರೂಪ. ಕಾರ್ಬುರೇಟರಿಗೆ ಅಂಟಿಕೊಂಡು ಮಸಿ ಹಿಡಿದು ಕುಳಿತಿರುವ ಈ ಲೋಹದ ತುಂಡಿಗಾಗಿ ಒಂದು ಮನೆಯಲ್ಲಿ ತಂದೆಮಕ್ಕಳ ನಡುವೆ ವಾರಗಟ್ಟಲೆ ಚರ್ಚೆ ನಡೆಯಬಹುದೆಂದರೆ ನಂಬುವುದು ಕಷ್ಟ. ಆದರೂ ಹಳೆಯ ಗಾಡಿಯುಳ್ಳ ಮನೆಗಳಲ್ಲಿ ಅಂಥ ಚರ್ಚೆ ನಡೆಯುತ್ತದೆ.

ಬಳ್ಳಾರಿಯ ಗಾಂಧಿನಗರದಲ್ಲಿ ಅಂಥದೊಂದು ಮನೆಯಿದೆಯೆಂದು ಭಾವಿಸಬಹುದು. ಅಲ್ಲಿಯ ಅಜ್ಜ 1970ರಲ್ಲಿ, ಹೆಸರು ಬರೆಯಿಸಿ ವರ್ಷಗಟ್ಟಲೆ ಕಾದು ಕೊಂಡ ಅಂಬಾಸಡರು ಇಂದಿಗೂ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ನಿಂತಿದೆ. ಅಜ್ಜ ಈಗಿಲ್ಲ. ಅಜ್ಜಿಯ ತವರು ಸಿರುಗುಪ್ಪ. ಮನೆದೇವರು ಕುರುಗೋಡಿನ ದೊಡ್ಡಬಸವೇಶ್ವರ. ವರ್ಷಕ್ಕೆ ನಾಲ್ಕಾರು ಬಾರಿ ಈ ಎರಡೂರಿಗೆ ಹೋಗಿಬರುವುದೇ ಗಾಡಿಗೆ ಉಳಿದಿರುವ ಉದ್ಯೋಗ. ಮನೆಯಲ್ಲಿ ಹೊಸ ಕಾರೂ ಇದೆ. ಆದರೆ ತವರಿಗೆ ಹೋಗುವಾಗ ಅಜ್ಜಿ ಅದನ್ನು ಹತ್ತುವುದಿಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಸಿರುಗುಪ್ಪದಿಂದ ಹಿಂದಿರುಗುವಾಗ ತೆಕ್ಕಲಕೋಟೆಯಲ್ಲಿ ಎಳನೀರಿಗೆಂದು ನಿಲ್ಲಿಸಿದ ಗಾಡಿ ಮತ್ತೆ ಹೊರಡಲಿಲ್ಲ. ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಕಾದ ಮೇಲೆ ಕೆಮ್ಮುತ್ತ ಕೆಮ್ಮುತ್ತ ಜೀವ ಹಿಡಿಯಿತು. ಆ ಸಂಜೆಯೇ ಮೊಮ್ಮಗ ತನ್ನ ಯೋಜನೆಯನ್ನು ಮುಂದಿಟ್ಟ. ಮುರುಕು ಬೀಡುಕಬ್ಬಿಣದ ಮ್ಯಾನಿಫೋಲ್ಡನ್ನು ಕಿತ್ತೆಸೆಯಬೇಕು; ಹೊರಗಿನ ತಯಾರಕರ ಅಲ್ಯೂಮಿನಿಯಮ್ಮಿನದನ್ನು ತರಿಸಬೇಕು; ಅದರ ಮೇಲೆ ಎರಡು ಕಾರ್ಬುರೇಟರು ಕೂಡಿಸಬೇಕು. ತಂದೆಗೆ ಖರ್ಚಿನ ಚಿಂತೆ. ಅದಕ್ಕಿಂತ ಹೆಚ್ಚಾಗಿ, ಅಪ್ಪ ಮುಟ್ಟಿದ ಗಾಡಿಯನ್ನು ಬಿಚ್ಚಿ ಮತ್ತೆ ಕೂಡಿಸಲಾಗದೆ ಹೋದರೆ ಎಂಬ ಅಂಜಿಕೆ.

ಮೊಮ್ಮಗನ ಆಸೆ ತಳಬುಡವಿಲ್ಲದ್ದೇನೂ ಅಲ್ಲ. ಅಂಬಾಸಡರು ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ಬಹುಕಾಲ ಅದರ ಎದೆಯಲ್ಲಿದ್ದ 1,489 ಘನ ಸೆಂಟಿಮೀಟರಿನ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಮಾಲಿಕೆಗೆ ಸೇರಿದ್ದು. ಅದೇ ಅಳತೆಯ ಎಂಜಿನ್ನನ್ನು 1955ರಲ್ಲಿ ಹೊರಬಂದ ಎಂ.ಜಿ.ಎ. ಎಂಬ ಪಂದ್ಯದ ಠೀವಿಯ ಗಾಡಿಗೂ ಇಟ್ಟಿದ್ದರು. ಅಲ್ಲಿ ಅದಕ್ಕೆ ಎರಡು ಎಸ್.ಯು. ಕಾರ್ಬುರೇಟರು, 70ರ ಆಸುಪಾಸಿನ ಅಶ್ವಶಕ್ತಿ. ನಮ್ಮಲ್ಲಿ ಒಂದೇ ಕಾರ್ಬುರೇಟರು, 50ರ ಆಸುಪಾಸು. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಪೈಲವಾನ, ಇನ್ನೊಬ್ಬ ಗುಮಾಸ್ತ. ಎಂ.ಜಿ. ಗಾಡಿಗಳನ್ನು ಅಕ್ಕರೆಯಿಂದ ಸಾಕುವವರು ಬ್ರಿಟನ್ನಿನಲ್ಲಿ ಇನ್ನೂ ಬೇಕಾದಷ್ಟು ಮಂದಿ ಇರುವುದರಿಂದ ಈ ಎಂಜಿನ್ನಿನ ಮ್ಯಾನಿಫೋಲ್ಡುಗಳು ಈಗಲೂ ಎರಕವಾಗುತ್ತಿವೆ. ದುಡ್ಡೂ ಸುಂಕವೂ ಇದ್ದರೆ ಬಳ್ಳಾರಿಯ ಬಾಗಿಲಿಗೇ ಬರುತ್ತವೆ.

ಆದರೆ ಪೈಲವಾನನ ಬಲವೆಲ್ಲ ಮೂಗಿನಲ್ಲಿರುವುದಿಲ್ಲ. ಎಂ.ಜಿ.ಯ ಹೆಚ್ಚುವರಿ ಶಕ್ತಿಗೆ ಕವಾಟ, ಒತ್ತಡದ ಪ್ರಮಾಣ, ಹೊಗೆ ಹೊರಹೋಗುವ ದಾರಿ ಇವೆಲ್ಲ ಕೈಗೂಡಿಸಿದ್ದವು. ಮ್ಯಾನಿಫೋಲ್ಡೊಂದನ್ನೇ ತಂದು ಬಿಗಿದು ಇಪ್ಪತ್ತು ಅಶ್ವಶಕ್ತಿಯನ್ನು ನಿರೀಕ್ಷಿಸುವವರು ನಿರಾಶರಾಗುವುದು ಖಂಡಿತ.

ಈ ಎಂಜಿನ್ನಿನ ದೇಹರಚನೆಯಲ್ಲೇ ಒಂದು ವಿಚಿತ್ರವಿದೆ. ಸಿಲಿಂಡರುಗಳು ನಾಲ್ಕು, ಗಾಳಿ ಒಳಹೋಗುವ ಬಾಗಿಲುಗಳು ಎರಡೇ. ಒಂದು ಎರಡಕ್ಕೆ ಒಂದು ಬಾಗಿಲು, ಮೂರು ನಾಲ್ಕಕ್ಕೆ ಇನ್ನೊಂದು. ಉರಿಯುವ ಸರದಿ ಒಂದು, ಮೂರು, ನಾಲ್ಕು, ಎರಡು ಎಂದಿರುವುದರಿಂದ ಒಂದೇ ಬಾಗಿಲಿನ ಇಬ್ಬರು ಪಾಲುದಾರರು ಒಬ್ಬರ ಬೆನ್ನಿಗೊಬ್ಬರು ಉಸಿರೆಳೆಯುತ್ತಾರೆ. ಬಳಿಕ ಆ ಬಾಗಿಲಿಗೆ ಅಷ್ಟೇ ಹೊತ್ತು ವಿಶ್ರಾಂತಿ. ಒಳಗಿನ ಸಿಲಿಂಡರು ಮೊದಲು ಎಳೆದು ಗಾಳಿಯನ್ನು ಚಾಲೂ ಮಾಡಿಕೊಡುತ್ತದೆ. ಹೊರಗಿನದು ಆ ಓಡುವ ಗಾಳಿಯ ಲಾಭ ಪಡೆಯುತ್ತದೆ. ಒಂದು ನಲ್ಲಿಗೆ ಎರಡು ಮನೆಯವರು ಕೊಡ ಹಿಡಿದಂತೆ ಪಾಲು ಎಂದೂ ಸರಿಸಮವಾಗದು. ಎಷ್ಟು ಬೆಲೆಯ ಮ್ಯಾನಿಫೋಲ್ಡು ತಂದರೂ ಈ ಎರಡು ಬಾಗಿಲು ನಾಲ್ಕಾಗುವುದಿಲ್ಲ.

ಕೊಳ್ಳುವವರ ಮುಂದೆ ಮೂರು ದಾರಿಗಳುಂಟು. ಮೊದಲನೆಯದು ಗಾಡಿಯ ಜೊತೆಗೆ ಬಂದ ಒಂಟಿ ಕಾರ್ಬುರೇಟರಿನ ಮ್ಯಾನಿಫೋಲ್ಡು. ಎರಡನೆಯದು ಎರಡು ಎಸ್.ಯು. ಕಾರ್ಬುರೇಟರು ಕೂರುವ ಎಂ.ಜಿ. ಮಾದರಿ, ಒಂದೊಂದು ಬಾಗಿಲಿಗೆ ಒಂದೊಂದು ಕಾರ್ಬುರೇಟರು, ನಡುವೆ ಎರಡನ್ನೂ ಸಮಾಧಾನಪಡಿಸುವ ಒಂದು ಸಣ್ಣ ಕೊಳವೆ. ಮೂರನೆಯದು ಅಡ್ಡ ಮಲಗುವ ಜೋಡಿ ಬಾಯಿಯ ವೆಬರ್ ಕಾರ್ಬುರೇಟರಿನದು. ಚಿತ್ರದಲ್ಲಿ ಇದರಷ್ಟು ಚೆಲುವಾದುದು ಬೇರೊಂದಿಲ್ಲ. ಮೊಮ್ಮಗನ ಮೊದಲ ಒಲವೂ ಇದರ ಮೇಲೆಯೇ. ಪಂದ್ಯದ ಹಾದಿಗೆ ಅದು ಒಳ್ಳೆಯದು. ರಾಯಲ್ ಸರ್ಕಲ್ಲಿನ ದೀಪದ ಮುಂದೆ ನಿಂತು ಹೊರಡಬೇಕಾದ ಗಾಡಿಗೆ ಅಲ್ಲ.

ಕಾರಣ ಸರಳವಾದುದು. ಕೊಳವೆ ದೊಡ್ಡದಾದಷ್ಟೂ ಕಡಮೆ ವೇಗದಲ್ಲಿ ಅದರೊಳಗಿನ ಗಾಳಿ ಮಂದವಾಗುತ್ತದೆ. ಹಗರಿಯ ನೀರು ಅಗಲವಾದ ಮರಳಿನಲ್ಲಿ ಹರಡಿಕೊಂಡಾಗ ತೆವಳುತ್ತದೆ, ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಮಂದವಾದ ಗಾಳಿ ಪೆಟ್ರೋಲಿನ ಹನಿಗಳನ್ನು ಹೊತ್ತೊಯ್ಯಲಾರದೆ ಕೊಳವೆಯ ಗೋಡೆಗೆ ಬಿಟ್ಟುಹೋಗುತ್ತದೆ; ಎಂಜಿನ್ನು ಮುಗ್ಗರಿಸುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗಿದಾಗ ಈ ಎಂಜಿನ್ನು ಹೆಚ್ಚೆಂದರೆ ಸುಮಾರು 3,000 ಲೀಟರು ಗಾಳಿ ಎಳೆದೀತು. ಆದರೆ ಅಜ್ಜಿಯನ್ನು ಕೂರಿಸಿಕೊಂಡು ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವಾಗ ಅದು ತಿರುಗುವುದು 2,300ರ ಆಸುಪಾಸಿನಲ್ಲಿ. ಸಿರುಗುಪ್ಪದ ಹಾದಿಯಲ್ಲಿ, ಕಾಲುವೆ ಬಯಲಿನ ಭತ್ತ ಹೊತ್ತ ಟ್ರ್ಯಾಕ್ಟರುಗಳ ಹಿಂದೆ, ಅದಕ್ಕಿಂತಲೂ ಕಡಮೆ. ಮೂರನೆಯ ದಾರಿಯ ಲಾಭ ತೆರೆದುಕೊಳ್ಳುವ ವೇಗವನ್ನು ಈ ಗಾಡಿ ವರ್ಷದಲ್ಲಿ ಹತ್ತು ನಿಮಿಷವಾದರೂ ಮುಟ್ಟೀತೆಂಬುದು ಸಂದೇಹ.

ಎರಡನೆಯ ದಾರಿ ಇಷ್ಟು ಕಟುವಾದುದಲ್ಲ. ಎಸ್.ಯು. ಕಾರ್ಬುರೇಟರಿನ ಗಂಟಲು ಎಂಜಿನ್ನಿನ ಹಸಿವಿಗೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಕಡಮೆ ವೇಗದಲ್ಲಿಯೂ ಗಾಳಿಯ ಓಟ ಸಾಯುವುದಿಲ್ಲ. ಹೆಡ್ಡನ್ನು ಮುಟ್ಟದ ಸಾಧಾರಣ ಎಂಜಿನ್ನಿಗೆ ಒಂದೂವರೆ ಅಂಗುಲದ ಜೋಡಿಗಿಂತ ಒಂದೂಕಾಲು ಅಂಗುಲದ ಜೋಡಿಯೇ ಹಿತ. ಆದರೆ ಎರಡು ಕಾರ್ಬುರೇಟರೆಂದರೆ ಎರಡು ತಂಬೂರಿಯಿದ್ದಂತೆ. ರಬ್ಬರಿನ ನಳಿಗೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೂ ಹಿಡಿದು, ಎರಡರ ಸೀತ್ಕಾರವೂ ಒಂದೇ ಆಗುವವರೆಗೆ ಶ್ರುತಿಗೂಡಿಸುತ್ತಿರಬೇಕು. ಆ ಕಿವಿಯುಳ್ಳ ಮೇಸ್ತ್ರಿಗಳು ಇಂದು ವಿರಳ.

ಕೌಲ್‌ಬಜಾರಿನ ಒಬ್ಬ ವೃದ್ಧ ಮೇಸ್ತ್ರಿಗೆ ಆ ಕಿವಿಯಿದೆ. ಅಜ್ಜನ ಕಾಲದಿಂದ ಗಾಡಿಯನ್ನು ಬಲ್ಲ ಅವರು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಚಂದ ಐತಿ ತಮ್ಮಾ. ಆದ್ರ ಇದು ಎತ್ತು, ಕುದುರಿ ಅಲ್ಲ. ಎತ್ತಿಗೆ ಜೀನು ಹಾಕಿದ್ರ ಓಡ್ತದೇನು?”

“ಹಂಗಾರ ಅವತ್ತು ಯಾಕ ನಿಂತಿತು ಚಾಚಾ?”

“ಅದನ್ನ ಮೊದಲು ಕೇಳಬೇಕಾಗಿತ್ತು.”

ಎಂಜಿನ್ನು ಓಡುತ್ತಿರುವಾಗಲೇ ಮೇಸ್ತ್ರಿ ಮ್ಯಾನಿಫೋಲ್ಡು ಹೆಡ್ಡಿಗೆ ಕೂಡುವ ಸಂದಿಯ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಸಿಂಪಡಿಸಿದರು. ಹಿಂಬದಿಯ ಬಾಗಿಲ ಬಳಿ ನೀರು ಬಿದ್ದೊಡನೆ ಎಂಜಿನ್ನಿನ ದನಿ ಬದಲಾಯಿತು. ಅಲ್ಲಿ ಗಾಳಿ ಕಳ್ಳದಾರಿಯಿಂದ ಒಳನುಗ್ಗುತ್ತಿತ್ತು. ಬಿಚ್ಚಿ ಉಕ್ಕಿನ ಅಳತೆಪಟ್ಟಿಯನ್ನು ಅಂಚಿಗಿಟ್ಟು ನೋಡಿದಾಗ ಅರ್ಧ ಶತಮಾನದ ಕಾವಿಗೆ ಅದು ಸೊಟ್ಟಗಾಗಿರುವುದು ಕಂಡಿತು.

ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಕೊಳವೆಯೂ ಹೊಗೆ ಹೊರಬರುವ ಕೊಳವೆಯೂ ಒಂದೇ ಪಕ್ಕದಲ್ಲಿವೆ. ಒಂದೇ ಸ್ಟಡ್ಡಿನ ಒಂದೇ ವಾಷರು ಎರಡರ ಅಂಚನ್ನೂ ಒತ್ತಿ ಹಿಡಿಯಬೇಕು. ಹೊಸ ಮ್ಯಾನಿಫೋಲ್ಡಿನ ಅಂಚು ಹಳೆಯ ಎಕ್ಸಾಸ್ಟಿನ ಅಂಚಿಗಿಂತ ಕೂದಲೆಳೆಯಷ್ಟು ತೆಳುವಾದರೂ ಒಂದು ಬಿಗಿಯುತ್ತದೆ, ಇನ್ನೊಂದು ಸೋರುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಸ್ಟಡ್ಡುಗಳ ಅಂತರ, ಅಂಚಿನ ದಪ್ಪ, ಬಾನೆಟ್ಟಿನ ಎತ್ತರ ಈ ಮೂರನ್ನೂ ಅಳೆದು ಬರೆದುಕೊಳ್ಳದವರು ದುಡ್ಡು ಕಳೆದುಕೊಳ್ಳುತ್ತಾರೆ. ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಕೂಡಿಸಿ ಒಮ್ಮೆ ಕಾಯಿಸಿ ಆರಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಲೇಬೇಕು.

ಇನ್ನು ಬಳ್ಳಾರಿಯ ಬಿಸಿಲು. ಇಂಗ್ಲೆಂಡಿನ ಚಳಿಯಲ್ಲಿ ಪೆಟ್ರೋಲು ಹಬೆಯಾಗಲೆಂದು ಹಳೆಯ ಮ್ಯಾನಿಫೋಲ್ಡನ್ನು ಎಕ್ಸಾಸ್ಟಿನ ಕಾವಿಗೆ ತಾಗಿಸಿ ಇಟ್ಟಿದ್ದಾರೆ. ಹೊರಗೆ 42 ಡಿಗ್ರಿಯಿರುವ ಊರಿನಲ್ಲಿ ಆ ಉಪಕಾರವೇ ಅಪಕಾರ. ಓಡುತ್ತಿರುವಷ್ಟು ಹೊತ್ತು ಹೊಸ ಪೆಟ್ರೋಲು ಬಂದು ತಂಪು ಮಾಡುತ್ತದೆ. ನಿಲ್ಲಿಸಿದ ಕೂಡಲೇ ಕೆಳಗಿನ ಕಾವು ಮೇಲೇರಿ ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲು ಕುದಿಯುತ್ತದೆ. ತೆಕ್ಕಲಕೋಟೆಯಲ್ಲಿ ಆದದ್ದು ಇದೇ. ಮದ್ದು ದುಬಾರಿಯದಲ್ಲ: ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಬೇಕಲೈಟಿನಂಥ ಕಾವು ತಡೆಯುವ ದಪ್ಪ ಬಿಲ್ಲೆ, ಕೆಳಗೊಂದು ತಗಡಿನ ಮರೆ. ಅಲ್ಲದೆ 42 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಶೇಕಡ 8-9ರಷ್ಟು ಹಗುರ. ಅಷ್ಟು ಶಕ್ತಿ ಬೇಸಿಗೆಯಲ್ಲಿ ಹೇಗೂ ಸೋರಿಹೋಗುತ್ತದೆ. ಏರ್ ಫಿಲ್ಟರಿನ ಬಾಯಿಯನ್ನು ಎಂಜಿನ್ನಿನ ಬಿಸಿಯಿಂದ ತಪ್ಪಿಸಿ ಮುಂದಿನ ಜಾಲರಿಯ ಕಡೆಗೆ ತಿರುಗಿಸಿದರೆ ಸ್ವಲ್ಪವಾದರೂ ಉಳಿದೀತು. ಜೋಡಿ ಕಾರ್ಬುರೇಟರಿನ ಮೇಲೆ ಫಿಲ್ಟರಿಲ್ಲದೆ ಹೊಳೆಯುವ ಕಹಳೆಬಾಯಿಗಳನ್ನಿಟ್ಟು ಮೆರೆಯುವವರು ಕುರುಗೋಡಿನ ಕಲ್ಲುಗುಡ್ಡಗಳ ನಡುವಿನ ದೂಳಿನಲ್ಲಿ ಒಮ್ಮೆ ಹೋಗಿಬಂದರೆ ಸಾಕು; ಸಿಲಿಂಡರು ಉಜ್ಜುಕಾಗದದ ರುಚಿ ಕಾಣುತ್ತದೆ.

ಪೆಟ್ರೋಲೂ ಈಗ ಅಜ್ಜನ ಕಾಲದ ಪೆಟ್ರೋಲಲ್ಲ. 2025ರ ಹೊತ್ತಿಗೆ ದೇಶದ ತುಂಬ ಶೇಕಡ 20 ಎಥನಾಲು ಬೆರೆತ ಪೆಟ್ರೋಲು ಬಂದಿತು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಎಂದರೆ ಹಳೆಯ ಹದದಲ್ಲಿರುವ ಕಾರ್ಬುರೇಟರು ಎಂಜಿನ್ನನ್ನು ಅರೆಹೊಟ್ಟೆಯಲ್ಲಿಡುತ್ತದೆ. ಎಸ್.ಯು.ವಿನಲ್ಲಿ ಕೆಳಗಿನ ನಟ್ಟನ್ನು ಕೊಂಚ ತಿರುಗಿಸಿ ಇದನ್ನು ಸರಿಪಡಿಸಬಹುದು. ಎಥನಾಲಿಗೆ ಒಗ್ಗದ ಹಳೆಯ ರಬ್ಬರು ನಳಿಗೆಗಳನ್ನು ಮಾತ್ರ ಬದಲಿಸಲೇಬೇಕು. ಅವು ಸೋರಿದರೆ ಆಗುವುದು ಬರಿಯ ನಷ್ಟವಲ್ಲ, ಬೆಂಕಿ.

ತಂದೆಯ ಪ್ರಶ್ನೆ ಬೇರೆಯಾಗಿತ್ತು. 2021ರಲ್ಲಿ ಕೇಂದ್ರ ಸರಕಾರ ಹಳೆಯ ಗಾಡಿಗಳಿಗೆಂದು ಹೊಸ ನಿಯಮ ಮಾಡಿತು. 50 ವರ್ಷ ಮೀರಿದ ಗಾಡಿಯನ್ನು ‘ವಿಂಟೇಜ್’ ಎಂದು ಬೇರೆಯಾಗಿಯೇ ನೋಂದಾಯಿಸಬಹುದು. ಆದರೆ ಅದು ಮೂಲರೂಪದಲ್ಲಿ ಉಳಿದಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಮಾರ್ಪಾಡಾಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಇಂದು ಅಜ್ಜಿಗೆ ಓಡಾಡುವ ಗಾಡಿ ಬೇಕು, ಸರಿ. ಆದರೆ ಮುಂದೊಂದು ದಿನ ಗಾಡಿಯನ್ನು ಆ ಮರ್ಯಾದೆಗೆ ಸೇರಿಸಬೇಕೆನಿಸಿದರೆ? ಬಿಚ್ಚಿ ಮತ್ತೆ ಮೊದಲಿನಂತೆ ಕೂಡಿಸಬಹುದಾದ ಮ್ಯಾನಿಫೋಲ್ಡು ಒಂದು ಮಾತು. ಹೊಸ ಕೊಳವೆಗೆ ಹೊಂದಲೆಂದು ಹೆಡ್ಡಿನ ಬಾಗಿಲುಗಳನ್ನೇ ಉಜ್ಜಿ ಅಗಲಿಸುವುದು ಇನ್ನೊಂದು. ಉಜ್ಜಿದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಹಳೆಯ ಮ್ಯಾನಿಫೋಲ್ಡನ್ನು ತೂಕಕ್ಕೆ ಹಾಕಿ ಗುಜರಿಯಲ್ಲಿ ಇನ್ನೂರು ಮುನ್ನೂರು ರೂಪಾಯಿ ಎಣಿಸಿಕೊಳ್ಳುವುದಂತೂ ಪೂರಾ ದಡ್ಡತನ. ಇಷ್ಟನ್ನೂ ಕೇಳಿಕೊಂಡ ಮೊಮ್ಮಗ ಮೊದಲ ಬಾರಿಗೆ ಸುಮ್ಮನಾದ.

ಸೊಟ್ಟ ಅಂಚನ್ನು ಯಂತ್ರಕ್ಕೆ ಕೊಟ್ಟು ಎಕ್ಸಾಸ್ಟಿನೊಡನೆ ಜೋಡಿಸಿಯೇ ಸಮ ಮಾಡಿಸಿದರು; ಒಂದನ್ನೇ ಉಜ್ಜಿದರೆ ಮತ್ತೆ ದಪ್ಪ ಹೆಚ್ಚುಕಡಮೆಯಾಗುತ್ತಿತ್ತು. ಹೊಸ ಗ್ಯಾಸ್ಕೆಟ್ಟು, ಬಿಲ್ಲೆ, ತಗಡಿನ ಮರೆ, ನಳಿಗೆಗಳು ಎಲ್ಲ ಸೇರಿದರೂ ವಿದೇಶದ ಮ್ಯಾನಿಫೋಲ್ಡಿನ ಸಾಗಣೆಯ ವೆಚ್ಚದಷ್ಟೂ ಆಗಲಿಲ್ಲ.

ಮುಂದಿನ ಸೋಮವಾರ ಕುರುಗೋಡಿಗೆ ಹೋದರು. ಸಿಂದ ಅರಸರು ಆಳಿದ ಆ ಊರಿನ ಭಾರಿ ಏಕಶಿಲೆಯ ಬಸವಣ್ಣನ ಮುಂದೆ ಅಜ್ಜಿ ಕಾಯಿ ಒಡೆಸಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಗಂಟೆ ಹೊತ್ತು ನಿಂತಿದ್ದ ಗಾಡಿ ಒಂದೇ ಕೂಗಿಗೆ ಓಗೊಟ್ಟಿತು.

“ಇವತ್ತು ಕೆಮ್ಮಲಿಲ್ಲ ನೋಡು,” ಎಂದರು ಅಜ್ಜಿ.

ಆ ರಾತ್ರಿ ಮೊಮ್ಮಗ ಹಳೆಯ ಗ್ಯಾಸ್ಕೆಟ್ಟನ್ನು ರಟ್ಟಿನ ಮೇಲಿಟ್ಟು ಸ್ಟಡ್ಡುಗಳ ತೂತುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದ. ಒಂದೂಕಾಲು ಅಂಗುಲದ ಜೋಡಿಗೆಂದು ಬೇರೆ ಹಾಳೆಯಲ್ಲಿ ಅಳತೆಗಳನ್ನು ಬರೆದಿದ್ದ. ತಂದೆ ಬಾಗಿಲಲ್ಲಿ ನಿಂತು ನೋಡಿದರು.

“ಹಳೇದನ್ನ ಎಣ್ಣೆ ಕಾಗದದಾಗ ಸುತ್ತಿ ಅಟ್ಟದ ಮ್ಯಾಲೆ ಇಡ್ತೀನಪ್ಪಾ. ಹೆಡ್ಡು ಮುಟ್ಟಂಗಿಲ್ಲ. ಶ್ರುತಿ ಕೂಡಿಸೋದನ್ನ ಚಾಚಾನ ಹತ್ರ ಕಲೀತೀನಿ.”

ತಂದೆ ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಒಳಗೆ ಹೋಗಿ ಅಜ್ಜನ ಕಾಲದ ಉಕ್ಕಿನ ಅಳತೆಪಟ್ಟಿಯನ್ನು ಹುಡುಕಿ ತಂದು ಮೇಜಿನ ಮೇಲಿಟ್ಟರು.